ಎರಡಾಗಿ ಸೀಳಿದ ಪರದೆ: ಕಾರ್ಟ್ ರೇಸ್ ಗೇಮಿನ ಚರಿತ್ರೆ, ಕೊಳ್ಳೇಗಾಲ ಸೀಮೆಯಿಂದ

ಕಾರ್ಟ್ ರೇಸ್ ವಿಡಿಯೊ ಗೇಮಿನ ಚರಿತ್ರೆಯನ್ನು 1992ರ ಆಗಸ್ಟ್ 27ರಿಂದ ಶುರುಮಾಡುವುದು ವಾಡಿಕೆ. ಜಪಾನಿನಲ್ಲಿ ನಿಂಟೆಂಡೊ ಕಂಪನಿಯ ‘ಸೂಪರ್ ಮಾರಿಯೊ ಕಾರ್ಟ್’ ಬಿಡುಗಡೆಯಾದ ದಿನ ಅದು. ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆಯಿಂದ ನೋಡುವವರಿಗೆ ಈ ಆರಂಭ ಒಗ್ಗದು. ತೊಂಬತ್ತರ ದಶಕದಲ್ಲಿ ನಮ್ಮಂಥ ಊರುಗಳಿಗೆ ಬಂದ ‘ಟೀವಿ ಗೇಮ್’ ಹಿಂದಿನ ತಲೆಮಾರಿನದು. ನಿಂಟೆಂಡೊದ 1983ರ ಫ್ಯಾಮಿಕಾಮ್ ಯಂತ್ರದ ನಕಲು. ಆ 8 ಬಿಟ್ ಡಬ್ಬಿಯಲ್ಲಿ ಮಾರಿಯೊ ಕಾರ್ಟ್ ಓಡುವಂತೆಯೇ ಇರಲಿಲ್ಲ. ಅದು 1990ರಲ್ಲಿ ಬಂದ 16 ಬಿಟ್ ಸೂಪರ್ ಫ್ಯಾಮಿಕಾಮ್‌ಗಾಗಿ ಬರೆದ ಆಟ.

ಈ ಆಟ ಹುಟ್ಟಿದ ಬಗೆ ಸ್ವಾರಸ್ಯಕರವಾಗಿದೆ. ನಿಂಟೆಂಡೊದ ಹಿಂದಿನ ರೇಸ್ ಆಟ ‘ಎಫ್-ಜೀರೊ’ದಲ್ಲಿ ಒಬ್ಬರಷ್ಟೇ ಆಡಬಹುದಿತ್ತು. ಇಬ್ಬರು ಒಟ್ಟಿಗೆ ಆಡುವಂಥದ್ದೊಂದನ್ನು ಮಾಡಲು ಹಿಡೆಕಿ ಕೊನ್ನೊ, ತದಾಶಿ ಸುಗಿಯಾಮ ಹೊರಟರು. ಶಿಗೆರು ಮಿಯಾಮೊತೊ ನಿರ್ಮಾಪಕರಾಗಿದ್ದರು. ಪರದೆಯನ್ನು ಮೇಲೆ ಕೆಳಗೆ ಎರಡಾಗಿ ಸೀಳಿದಾಗ ಯಂತ್ರಕ್ಕೆ ಭಾರವಾಯಿತು. ಎಫ್-ಜೀರೊದ ಉದ್ದುದ್ದ ನೇರ ರಸ್ತೆ, ಆ ವೇಗ ಎರಡೂ ಕೈಗೂಡಲಿಲ್ಲ. ಹೀಗಾಗಿ ಹಾದಿ ಪುಟ್ಟದಾಯಿತು, ತಿರುವು ಹೆಚ್ಚಾಯಿತು, ಅದಕ್ಕೆ ತಕ್ಕಂತೆ ಗಾಡಿಯೂ ಚಿಕ್ಕದಾಯಿತು. ಕಾರ್ಟ್ ಬಂದದ್ದು ಕಾರ್ಟಿನ ಮೋಹದಿಂದಲ್ಲ, ಯಂತ್ರದ ಬಡತನದಿಂದ. ಮೊದಲ ಮಾದರಿಗಳಲ್ಲಿ ಮಾರಿಯೊ ಕೂಡ ಇರಲಿಲ್ಲ, ಹೆಸರಿಲ್ಲದ ಚಾಲಕನೊಬ್ಬನಿದ್ದ. ನೆಲ ತಿರುಗಿದಂತೆ, ದೂರಕ್ಕೆ ಚಾಚಿದಂತೆ ತೋರಿಸುವ ‘ಮೋಡ್ 7’ ತಂತ್ರಕ್ಕೆ ಲೆಕ್ಕ ಹಾಕಿಕೊಡಲು ಕ್ಯಾಸೆಟ್ಟಿನೊಳಗೇ ಡಿಎಸ್‌ಪಿ-1 ಎಂಬ ಚಿಪ್ ಇಟ್ಟರು. ಒಬ್ಬರೇ ಆಡಿದರೂ ಪರದೆ ಇಬ್ಭಾಗವಾಗಿಯೇ ಇರುತ್ತಿತ್ತು. ಕೆಳಗಿನ ಅರ್ಧದಲ್ಲಿ ನಕ್ಷೆ ಕಾಣುತ್ತಿತ್ತು. ಜೊತೆಗಾರನ ಜಾಗವನ್ನು ಖಾಲಿ ಬಿಟ್ಟುಕೊಂಡೇ ಕಟ್ಟಿದ ಆಟವೆಂದರೆ ತಪ್ಪಾಗದು.

ನಿಜವಾದ ಕಾರ್ಟನ್ನು ಆರ್ಟ್ ಇಂಗೆಲ್ಸ್ ಕ್ಯಾಲಿಫೋರ್ನಿಯಾದಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಕೂರಿಸಿ ಕಟ್ಟಿದ್ದು 1956ರಲ್ಲಿ. ನಮ್ಮ ಹುಡುಗರ ಕಾರ್ಟ್ ಎಂದರೆ ಹಲಗೆಗೆ ಹಳೇ ಬೇರಿಂಗ್ ಸಿಕ್ಕಿಸಿದ ಗಾಡಿ. ಇಳಿಜಾರು ಸಿಕ್ಕರೆ ಅದಕ್ಕೆ ಎಂಜಿನ್ ಬೇಕಿರಲಿಲ್ಲ.

ಟೀವಿ ಗೇಮಿನಲ್ಲಿ ಈ ಹುಡುಗರಿಗೆ ದಕ್ಕಿದ ರೇಸ್ ಕೊನಾಮಿ ಕಂಪನಿಯ ‘ರೋಡ್ ಫೈಟರ್’. 1984ರಲ್ಲಿ ಆರ್ಕೇಡಿಗೆ, ಮರುವರ್ಷ ಫ್ಯಾಮಿಕಾಮ್‌ಗೆ ಬಂದ ಆಟ. ಮೇಲಿನಿಂದ ಕಾಣುವ ರಸ್ತೆ, ಗಂಟೆಗೆ 400 ಕಿ.ಮೀ. ವೇಗ, ಇಳಿಯುತ್ತಲೇ ಇರುವ ಪೆಟ್ರೋಲ್. ಗುದ್ದಿದಾಗ ಗಾಡಿ ಎಡಕ್ಕೆ ಜಾರಿದರೆ ತಕ್ಷಣ ಬಲಕ್ಕೆ ಒತ್ತಬೇಕು. ಇಲ್ಲದಿದ್ದರೆ ಪಕ್ಕಕ್ಕೆ ಬಡಿದು ಸ್ಫೋಟ. ಡಿಕ್ಕಿಯಾಗದೆ ಬಹಳ ದೂರ ಹೋದವರಿಗೆ ಪಕ್ಕದಲ್ಲಿ ಹಾರಿಹೋಗುವ ‘ಕೊನಾಮಿ ಮ್ಯಾನ್’ ಕಾಣುತ್ತಿದ್ದ. ಇಂಥವನ್ನೆಲ್ಲ ತುಂಬಿದ ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಎಂದಿರುತ್ತಿತ್ತು. ಒಳಗಿದ್ದ ಆಟ ಬೆರಳೆಣಿಕೆಯಷ್ಟು, ಉಳಿದದ್ದೆಲ್ಲ ಅವೇ ಬೇರೆ ಹೆಸರಿನಲ್ಲಿ.

ರೋಡ್ ಫೈಟರ್ ಒಬ್ಬರ ಆಟ. ಆದರೂ ಅದನ್ನು ಒಬ್ಬರೇ ಆಡಿದವರು ಕಡಿಮೆ. ಟೀವಿಯೇ ಎಲ್ಲರ ಮನೆಯಲ್ಲಿಲ್ಲದ ಬೀದಿಯಲ್ಲಿ ಗೇಮ್ ಇದ್ದ ಮನೆ ಯಾವುದೆಂದು ಎಲ್ಲರಿಗೂ ಗೊತ್ತಿರುತ್ತಿತ್ತು. ಒಬ್ಬನ ಪೆಟ್ರೋಲ್ ಮುಗಿದರೆ ‘ರಿಮೋಟು’ ಮುಂದಿನವನ ಕೈಗೆ. ಅಲ್ಲಿಯವರೆಗೆ ಎಡಕ್ಕೆ, ಬಲಕ್ಕೆ ಎಂದು ಕೂಗಲು ಎಲ್ಲರಿಗೂ ಹಕ್ಕಿತ್ತು. ಮಾರಾಟದ ಅಂಕಿ ನೋಡಿ ಬರೆದ ಚರಿತ್ರೆಯಲ್ಲಿ ಈ ಕೂಗಿಗೆ ಜಾಗವಿಲ್ಲ. ನಕಲಿ ಡಬ್ಬಿಗಳು ಆ ಅಂಕಿಗೇ ಸಿಗವು.

ಮಾರಿಯೊ ಕಾರ್ಟ್ ಕೊನೆಗೂ ಫೋನಿಗೆ ಬಂದದ್ದು 2019ರ ಸೆಪ್ಟೆಂಬರ್ 25ರಂದು, ‘ಮಾರಿಯೊ ಕಾರ್ಟ್ ಟೂರ್’ ಎಂಬ ಹೆಸರಿನಲ್ಲಿ. ಆರಂಭದಲ್ಲಿ ಅದರಲ್ಲಿ ಬೇರೆ ಮನುಷ್ಯರ ಜೊತೆ ನೇರವಾಗಿ ಆಡುವಂತಿರಲಿಲ್ಲ. ಆ ಅವಕಾಶ ಸೇರಿದ್ದು 2020ರ ಮಾರ್ಚಿನಲ್ಲಿ. ಇಬ್ಬರಿಗಾಗಿ ಹುಟ್ಟಿದ ಆಟ ಅಂಗೈಗೆ ಬರುವಾಗ ಒಂಟಿಯಾಗಿ ಬಂತು. ಆ ವಿಷಯದಲ್ಲಿ ನಮ್ಮ ನಕಲಿ ಡಬ್ಬಿಯೇ ಮೇಲು ಎಂಬುದು ನನ್ನ ತೀರ್ಮಾನ.

ಈ ಮೂರು ತಾಲ್ಲೂಕುಗಳ ಮನೆಗಳ ಅಟ್ಟದಲ್ಲಿ ಹಳೆಯ ಡಬ್ಬಿ, ಕ್ಯಾಸೆಟ್, ಅಂಗಡಿಯ ರಸೀದಿ ಉಳಿದಿದ್ದರೆ ಗುಜರಿಗೆ ಹಾಕಬೇಡಿ. ಕೊಂಡ ವರ್ಷ, ಕೊಟ್ಟ ಬೆಲೆ, ಆಡಲು ಬರುತ್ತಿದ್ದವರ ಹೆಸರು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.