ನೆಲವಿಲ್ಲದ ರಣರಂಗ: ಮೇಜಿನ ಮೇಲಿನ ಬಾಹ್ಯಾಕಾಶ ಯುದ್ಧಕ್ರೀಡೆ

ಮೇಜಿನ ಮೇಲೆ ಕಿರುಗೊಂಬೆಗಳನ್ನು ಜೋಡಿಸಿ, ಅಳತೆಪಟ್ಟಿ ಮತ್ತು ದಾಳಗಳ ನೆರವಿನಿಂದ ಕಾಳಗವೊಂದನ್ನು ನಡೆಸುವ ಆಟಕ್ಕೆ ಮಿನಿಯೇಚರ್ ವಾರ್‌ಗೇಮ್ ಎಂದು ಹೆಸರು. ಕನ್ನಡದಲ್ಲಿ ಇದನ್ನು ಕಿರುಗೊಂಬೆಗಳ ಯುದ್ಧಕ್ರೀಡೆ ಎನ್ನಬಹುದು. ಇದರ ಒಂದು ವಿಶಿಷ್ಟ ಶಾಖೆಯಲ್ಲಿ ಕಾದಾಡುವವರು ಗಗನಯಾತ್ರಿಗಳು. ರಣರಂಗವು ಗುರುತ್ವದ ಸೆಳೆತವೇ ಅನುಭವಕ್ಕೆ ಬಾರದ ಬಾಹ್ಯಾಕಾಶ. ಇಲ್ಲಿ ಕಾಯಿಯನ್ನು ಒಮ್ಮೆ ನಡೆಸಿದರೆ ಅದು ತಾನಾಗಿ ನಿಲ್ಲುವುದಿಲ್ಲ. ಈ ಒಂದು ಸಂಗತಿಯಿಂದಲೇ ಆಟದ ನಿಯಮಗಳೆಲ್ಲವೂ ಬದಲಾಗುತ್ತವೆ.

ಮಣೆಯ ಯುದ್ಧದ ಹಳೆಯ ಹಾದಿ

ಯುದ್ಧವನ್ನು ಮಣೆಯ ಮೇಲೆ ಆಡುವ ಪದ್ಧತಿ ಕರ್ನಾಟಕಕ್ಕೆ ಹೊಸದೇನಲ್ಲ. ಆನೆ, ಕುದುರೆ, ರಥ, ಕಾಲಾಳುಗಳೆಂಬ ಸೇನೆಯ ನಾಲ್ಕು ಅಂಗಗಳನ್ನು ಮನೆಗಳ ಮೇಲೆ ನಿಲ್ಲಿಸುವ ಚತುರಂಗದ ಅತಿ ಹಳೆಯ ಉಲ್ಲೇಖಗಳಲ್ಲಿ ಒಂದು ಬಾಣಭಟ್ಟನ ‘ಹರ್ಷಚರಿತ’ದಲ್ಲಿದೆ. ಆ ಕೃತಿಯ ನಾಯಕನಾದ ಹರ್ಷವರ್ಧನನನ್ನು ಸೋಲಿಸಿದವನು ಬಾದಾಮಿಯ ಚಾಲುಕ್ಯ ಚಕ್ರವರ್ತಿ ಇಮ್ಮಡಿ ಪುಲಕೇಶಿ. ಕ್ರಿ.ಶ. 634-35ರಲ್ಲಿ ರವಿಕೀರ್ತಿ ರಚಿಸಿದ ಐಹೊಳೆಯ ಮೇಗುಟಿ ಶಾಸನವು ಈ ವಿಜಯವನ್ನು ಕೊಂಡಾಡುತ್ತದೆ. ಮುಂದೆ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಿದ್ಧಪಡಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶದಲ್ಲಿ ಅರಮನೆಯ ವಿನೋದಗಳ ಜೊತೆಗೆ ಚದುರಂಗದ ವಿವರಣೆಯೂ ದೊರೆಯುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (1794-1868) ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯು ಆಟಗಳಿಗೇ ಮೀಸಲಾಗಿದೆ.

ಅರಮನೆಯ ಹೊರಗೆ ಹಳ್ಳಿಯ ಕಟ್ಟೆಯ ಮೇಲೆ ಬೆಳೆದದ್ದು ಹುಲಿ-ಕುರಿ ಆಟ. ಇದರ ಒಂದು ಸಾಮಾನ್ಯ ರೂಪದಲ್ಲಿ ಒಬ್ಬನಿಗೆ 3 ಹುಲಿಗಳು, ಇನ್ನೊಬ್ಬನಿಗೆ 15 ಕುರಿಗಳು. ಹುಲಿ ಜಿಗಿದು ಕೊಲ್ಲುತ್ತದೆ. ಕುರಿಗಳು ಒಗ್ಗಟ್ಟಾಗಿ ಹುಲಿಯ ದಾರಿಯನ್ನು ಕಟ್ಟುತ್ತವೆ. ಅಸಮಾನ ಬಲಗಳ ಹೋರಾಟವನ್ನು ಇಷ್ಟು ಸರಳವಾಗಿ ತೋರಿಸುವ ಆಟಗಳು ವಿರಳ.

ಚದುರಂಗವಿರಲಿ, ಹುಲಿ-ಕುರಿಯಿರಲಿ, ಎರಡರಲ್ಲೂ ಅಡಗಿರುವ ಒಂದು ನಂಬಿಕೆ ಉಂಟು: ಇಟ್ಟ ಕಾಯಿ ಇಟ್ಟಲ್ಲೇ ಇರುತ್ತದೆ. ಕಾಲ ಕೆಳಗಿನ ನೆಲವೂ ಅದರ ಘರ್ಷಣೆಯೂ ಈ ನಂಬಿಕೆಗೆ ಆಧಾರ.

ಪ್ರಷ್ಯಾದ ನಕಾಶೆಯಿಂದ ವೆಲ್ಸ್‌ನ ಗೊಂಬೆಗಳವರೆಗೆ

ಆಧುನಿಕ ಯುದ್ಧಕ್ರೀಡೆಯ ಜನ್ಮಸ್ಥಳ ಪ್ರಷ್ಯಾ. ರೈಸ್ವಿಟ್ಸ್ ಎಂಬ ತಂದೆ ಮತ್ತು ಮಗ ಇದರ ರೂವಾರಿಗಳು. ತಂದೆ 1812ರಲ್ಲಿ ಅರಸನಿಗೆ ಒಪ್ಪಿಸಿದ ಆಟವನ್ನು ಸೇನಾಧಿಕಾರಿಯಾಗಿದ್ದ ಮಗ 1824ರಲ್ಲಿ ಪರಿಷ್ಕರಿಸಿದನು. ಚೌಕದ ಮನೆಗಳಿಗೆ ಬದಲು 1:8000 ಪ್ರಮಾಣದ ನಿಜವಾದ ಭೂನಕಾಶೆ, ಅದೃಷ್ಟವನ್ನು ಅಳೆಯಲು ದಾಳ, ತೀರ್ಪು ನೀಡಲು ಒಬ್ಬ ನಿರ್ಣಾಯಕ, ಪ್ರತಿ ಸರದಿಗೆ 2 ನಿಮಿಷದ ಯುದ್ಧಕಾಲ. ಇವು ಅದರ ಮುಖ್ಯ ಅಂಶಗಳು. ಪ್ರಷ್ಯಾದ ಸೇನೆ ಇದನ್ನು ಅಧಿಕಾರಿಗಳ ತರಬೇತಿಗೆ ಬಳಸಿಕೊಂಡಿತು.

ಈ ವಿದ್ಯೆಯನ್ನು ಮನೆಯ ಪಡಸಾಲೆಗೆ ತಂದ ಕೀರ್ತಿ ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್‌ಗೆ ಸಲ್ಲಬೇಕು. 1901ರಲ್ಲಿ ಚಂದ್ರಯಾನದ ಕಾದಂಬರಿ ಪ್ರಕಟಿಸಿದ್ದ ವೆಲ್ಸ್, 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಆಟದ ಸಿಪಾಯಿಗಳ ಕಾಳಗಕ್ಕೆ ನಿಯಮಗಳನ್ನು ಬರೆದನು. ನಿಜವಾದ ಯುದ್ಧ ಎಂಥ ದುಬಾರಿ ಪ್ರಮಾದ ಎಂಬುದನ್ನು ಕಿರುಯುದ್ಧವೇ ಮನಗಾಣಿಸುತ್ತದೆ ಎಂಬುದು ಅವನ ವಾದವಾಗಿತ್ತು. ಮರುವರ್ಷವೇ ಮೊದಲನೆಯ ಮಹಾಯುದ್ಧ ಆರಂಭವಾಯಿತು.

ಬಾಹ್ಯಾಕಾಶದ ಚಲನೆಯನ್ನು ಕರಾರುವಾಕ್ಕಾಗಿ ಮೇಜಿಗೆ ಇಳಿಸಿದ ಮೊದಮೊದಲ ಆಟಗಳಲ್ಲಿ 1973ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಟ್ರೈಪ್ಲಾನೆಟರಿ’ ಪ್ರಮುಖವಾದುದು. ಅದರಲ್ಲಿ ನೌಕೆಯ ನಡೆಯನ್ನು ಬಾಣದ ಗೆರೆಯಾಗಿ ನಕಾಶೆಯ ಮೇಲೆ ಬರೆಯಲಾಗುತ್ತದೆ. 2004ರ ‘ಅಟ್ಯಾಕ್ ವೆಕ್ಟರ್: ಟ್ಯಾಕ್ಟಿಕಲ್’ ಮೂರನೆಯ ಆಯಾಮವನ್ನೂ ಸೇರಿಸಿತು. ಕಾಯಿಯ ಅಡಿಗೆ ಬಿಲ್ಲೆಗಳನ್ನು ಪೇರಿಸಿ ಎತ್ತರವನ್ನೂ, ಓರೆಯಾದ ದಿಮ್ಮಿಗಳಿಂದ ನೌಕೆಯ ವಾಲಿಕೆಯನ್ನೂ ತೋರಿಸುವ ಕ್ರಮ ಅದರದು. ಈ ಆಟಗಳಲ್ಲಿ ನೌಕೆಗಳಿಗೆ ಹೇಳಿದ ನಿಯಮವೇ ಒಬ್ಬೊಬ್ಬ ಗಗನಯಾತ್ರಿಯ ಕಾಳಗಕ್ಕೂ ಅನ್ವಯಿಸುತ್ತದೆ.

ನಿಲ್ಲದ ಕಾಯಿ

‘ಶೂನ್ಯ ಗುರುತ್ವ’ ಎಂಬುದು ರೂಢಿಯ ಮಾತು. ಭೂಮಿಯಿಂದ 400 ಕಿ.ಮೀ. ಎತ್ತರದಲ್ಲಿಯೂ ಗುರುತ್ವವು ನೆಲದ ಮೇಲಿನದರ ಸುಮಾರು ಶೇ. 90ರಷ್ಟು ಇರುತ್ತದೆ. ನೌಕೆ ಮತ್ತು ಅದರೊಳಗಿನ ಮನುಷ್ಯ ಒಟ್ಟಾಗಿ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ತೂಕ ತಿಳಿಯುವುದಿಲ್ಲ. ತೂಕ ಮಾಯವಾದರೂ ಜಡತ್ವ ಹಾಗೆಯೇ ಉಳಿಯುತ್ತದೆ.

ಆದ್ದರಿಂದ ಆಟದ ಮೂಲ ನಿಯಮ ಇಷ್ಟು: ಕಳೆದ ಸರದಿಯಲ್ಲಿ ಕಾಯಿ ಪೂರ್ವಕ್ಕೆ 3 ಮನೆ ಸರಿದಿದ್ದರೆ, ಈ ಸರದಿಯಲ್ಲೂ ಆಟಗಾರನ ಅಪ್ಪಣೆಯಿಲ್ಲದೆ ಪೂರ್ವಕ್ಕೆ 3 ಮನೆ ಸರಿಯುತ್ತದೆ. ಉತ್ತರಕ್ಕೆ ಒಂದು ಪಾಲು ಇಂಧನ ಖರ್ಚು ಮಾಡಿದರೆ ಮುಂದಿನ ನಡೆ ಪೂರ್ವಕ್ಕೆ 3, ಉತ್ತರಕ್ಕೆ 1 ಆಗುತ್ತದೆ. ಪೂರ್ತಿಯಾಗಿ ನಿಲ್ಲಬೇಕಾದರೆ ಹೊರಡಲು ವ್ಯಯಿಸಿದಷ್ಟೇ ಇಂಧನವನ್ನು ವಿರುದ್ಧ ದಿಕ್ಕಿಗೆ ವ್ಯಯಿಸಬೇಕು. ವೇಗವಾಗಿ ಮುನ್ನುಗ್ಗಿದವನು ನಿಲ್ಲಲಾರದೆ ಮೇಜಿನ ಅಂಚು ದಾಟಿ ಕಣ್ಮರೆಯಾಗುವುದು ಹೊಸ ಆಟಗಾರರಿಗೆ ಆಗುವ ಮೊದಲ ಅನುಭವ.

ಎತ್ತರದ ಅರ್ಥವೂ ಬದಲಾಗುತ್ತದೆ. ಬಾದಾಮಿಯ ಬೆಟ್ಟದ ಕೋಟೆಯ ಮೇಲೆ ನಿಂತವನಿಗೆ ಕೆಳಗಿನವನಿಗಿಂತ ಮೇಲುಗೈ. ಉರುಳಿಸಿದ ಕಲ್ಲು ತಾನಾಗಿ ಶತ್ರುವಿನ ಮೇಲೆ ಇಳಿಯುತ್ತದೆ. ತೂಕವಿಲ್ಲದೆಡೆ ಇಂಥ ಮೇಲುಗೈ ಇಲ್ಲ. ಶತ್ರು ತಲೆಯ ಮೇಲಿನಿಂದಲೂ ಪಾದದ ಅಡಿಯಿಂದಲೂ ಸಮಾನವಾಗಿ ಬರಬಲ್ಲನು. ಕಾಯಿಯನ್ನು ಪಾರದರ್ಶಕ ಕಡ್ಡಿಯ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಎತ್ತರ ಸೂಚಿಸುವ ದಾಳವನ್ನಿಡುವುದು ಸುಲಭ ವಿಧಾನ.

ಇಂಧನ, ಹಿಡಿಕೆ, ಕೋವಿ

ಈ ನಿಯಮಗಳು ನಿಜವಾದ ಬಾಹ್ಯಾಕಾಶ ನಡಿಗೆಗಳ ಅನುಭವಕ್ಕೆ ಹೊಂದುತ್ತವೆ. 1965ರ ಮಾರ್ಚ್ 18ರಂದು ಮೊದಲ ಬಾರಿಗೆ ನೌಕೆಯಿಂದ ಹೊರಬಂದ ಸೋವಿಯತ್ ಯಾತ್ರಿ ಅಲೆಕ್ಸಿ ಲಿಯೊನೊವ್ ಅವರ ಪೋಷಾಕು ನಿರ್ವಾತದಲ್ಲಿ ಉಬ್ಬಿಕೊಂಡಿತು. ಒಳಗಿನ ಗಾಳಿಯನ್ನು ಸ್ವಲ್ಪ ಹೊರಬಿಟ್ಟ ಬಳಿಕವೇ ಅವರು ಮರಳಿ ಒಳಸೇರಲು ಸಾಧ್ಯವಾಯಿತು. 1966ರ ಜೂನ್‌ನಲ್ಲಿ ಜೆಮಿನಿ-9ಎ ಯಾನದ ಯೂಜಿನ್ ಸೆರ್ನನ್ ಅವರು ಸಾಕಷ್ಟು ಹಿಡಿಕೆಗಳಿಲ್ಲದೆ ತಮ್ಮ ದೇಹವನ್ನು ಸ್ಥಿರವಾಗಿಡಲು ಹೆಣಗಿ ಬಳಲಿದರು. ಅದೇ ವರ್ಷದ ನವೆಂಬರ್‌ನಲ್ಲಿ ಜೆಮಿನಿ-12ರ ಬಝ್ ಆಲ್ಡ್ರಿನ್, ನೀರೊಳಗಿನ ತರಬೇತಿ ಹಾಗೂ ಕೈಕಾಲುಗಳ ಹಿಡಿಕೆಗಳಿಂದ ಕೆಲಸವನ್ನು ಸುಗಮವಾಗಿ ಪೂರೈಸಿದರು. ಹಿಡಿಕೆಗೆ ಅಂಟಿಕೊಂಡ ಕಾಯಿಗೆ ಆಟದಲ್ಲಿ ಹೆಚ್ಚಿನ ಬಲ ಕೊಡುವುದು ಈ ಕಾರಣಕ್ಕಾಗಿ.

ಇಂಧನದ ಮಿತಿಯೂ ವಾಸ್ತವವೇ. 1994ರಲ್ಲಿ ಪರೀಕ್ಷಿಸಲಾದ ನಾಸಾದ ‘ಸೇಫರ್’ ಎಂಬ ರಕ್ಷಣಾ ಸಾಧನ, ನೌಕೆಯಿಂದ ಬೇರ್ಪಟ್ಟ ಯಾತ್ರಿ ಮರಳಿ ಬರಲೆಂದು ರೂಪಿಸಿದ್ದು. ಅದರ ಸಾರಜನಕ ಅನಿಲವನ್ನೆಲ್ಲ ಖರ್ಚು ಮಾಡಿದರೂ ಒಟ್ಟು ವೇಗಬದಲಾವಣೆ ಸೆಕೆಂಡಿಗೆ ಸುಮಾರು 3 ಮೀಟರ್ ಮಾತ್ರ.

ಇನ್ನು ಕೋವಿಯ ಮಾತು. ತೋಟಾದ ಮದ್ದಿನಲ್ಲಿಯೇ ಉರಿಯಲು ಬೇಕಾದ ಆಮ್ಲಜನಕ ಇರುವುದರಿಂದ ಗಾಳಿಯಿಲ್ಲದೆಡೆಯೂ ಗುಂಡು ಹಾರುತ್ತದೆ. ಪೋಷಾಕು ಸೇರಿ 200 ಕಿಲೋ ತೂಗುವವನು 8 ಗ್ರಾಂ ಗುಂಡನ್ನು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹಾರಿಸಿದನೆನ್ನೋಣ. ಆತ ಹಿಂದಕ್ಕೆ ಸೆಕೆಂಡಿಗೆ 1.6 ಸೆಂ.ಮೀ. ವೇಗದಲ್ಲಿ ಸರಿಯತೊಡಗುತ್ತಾನೆ, ಒಂದು ನಿಮಿಷದಲ್ಲಿ ಸುಮಾರು ಒಂದು ಮೀಟರ್. ಒದೆತವು ದೇಹದ ದ್ರವ್ಯಕೇಂದ್ರವನ್ನು ತಪ್ಪಿದರೆ ಬುಗುರಿಯಂತೆ ತಿರುಗಲೂಬಹುದು.

ಕಲ್ಪನೆಯಾಚೆಗಿನ ಸಂಗತಿ

ಗಗನಯಾತ್ರಿಗಳು ಪರಸ್ಪರ ಕಾದಾಡಿದ ಘಟನೆ ಇತಿಹಾಸದಲ್ಲಿಲ್ಲ. ಆದರೆ ಆಯುಧ ಮೇಲೇರಿದ್ದುಂಟು. 1974ರ ಜೂನ್‌ನಲ್ಲಿ ಹಾರಿದ ಸೋವಿಯತ್ ಸೇನಾ ನಿಲ್ದಾಣ ಸಲ್ಯೂತ್-3ರಲ್ಲಿ ಒಂದು ಫಿರಂಗಿಯಿತ್ತು. ಅದನ್ನು ಗುರಿಯಿಡಲು ಇಡೀ ನಿಲ್ದಾಣವನ್ನೇ ತಿರುಗಿಸಬೇಕಿತ್ತು. ಒಳಗೆ ಯಾರೂ ಇಲ್ಲದ ವೇಳೆಯಲ್ಲಿ, 1975ರ ಜನವರಿಯಲ್ಲಿ ಅದನ್ನು ನೆಲದಿಂದಲೇ ಆಜ್ಞೆ ಕಳುಹಿಸಿ ಹಾರಿಸಲಾಯಿತು.

1967ರ ಬಾಹ್ಯಾಕಾಶ ಒಪ್ಪಂದವು ಕಕ್ಷೆಯಲ್ಲಿ ಅಣ್ವಸ್ತ್ರಗಳನ್ನೂ ಇತರ ಸಮೂಹನಾಶಕ ಅಸ್ತ್ರಗಳನ್ನೂ ಇರಿಸುವುದನ್ನು ನಿಷೇಧಿಸುತ್ತದೆ. ಗಗನಯಾತ್ರಿಗಳನ್ನು ಮನುಕುಲದ ದೂತರೆಂದು ಪರಿಗಣಿಸುತ್ತದೆ. ಭಾರತವೂ ಈ ಒಪ್ಪಂದದ ಸದಸ್ಯ ರಾಷ್ಟ್ರ. ಸಾಮಾನ್ಯ ಆಯುಧಗಳನ್ನು ಕಕ್ಷೆಯಲ್ಲಿರಿಸಲು ಮಾತ್ರ ಅದರಲ್ಲಿ ಸ್ಪಷ್ಟ ನಿಷೇಧವಿಲ್ಲ.

ನಿಜವಾದ ಅಪಾಯ ಇರುವುದು ಸಿಡಿದ ಚೂರುಗಳಲ್ಲಿ. 2007ರ ಜನವರಿಯಲ್ಲಿ ಚೀನಾ ತನ್ನದೇ ಉಪಗ್ರಹವೊಂದನ್ನು 800 ಕಿ.ಮೀ.ಗೂ ಹೆಚ್ಚಿನ ಎತ್ತರದಲ್ಲಿ ಹೊಡೆದಾಗ ಗುರುತಿಸಬಹುದಾದ 3000ಕ್ಕೂ ಹೆಚ್ಚು ಚೂರುಗಳು ಹರಡಿದವು. 2019ರ ಮಾರ್ಚ್ 27ರ ಭಾರತದ ‘ಮಿಷನ್ ಶಕ್ತಿ’ ಪರೀಕ್ಷೆಯನ್ನು ಚೂರುಗಳು ಬೇಗ ಬಿದ್ದು ಉರಿದುಹೋಗಲೆಂದು 300 ಕಿ.ಮೀ. ಆಸುಪಾಸಿನ ಕೆಳಕಕ್ಷೆಯಲ್ಲಿ ನಡೆಸಲಾಯಿತು. 2021ರ ನವೆಂಬರ್‌ನಲ್ಲಿ ರಷ್ಯಾ ನಡೆಸಿದ ಪರೀಕ್ಷೆಯ ಬಳಿಕ ಅಂತರರಾಷ್ಟ್ರೀಯ ನಿಲ್ದಾಣದ ಯಾತ್ರಿಗಳು, ಅವರಲ್ಲಿ ರಷ್ಯನ್ನರೂ ಸೇರಿ, ತಮ್ಮ ನೌಕೆಗಳಲ್ಲಿ ಆಶ್ರಯ ಪಡೆಯಬೇಕಾಯಿತು.

ನಿಲ್ಲದ ಕಾಯಿಯನ್ನು ನಿಲ್ಲಿಸುವ ವಿದ್ಯೆಯ ಶಾಂತಿಯುತ ಮುಖವೂ ಉಂಟು. ಇಸ್ರೋದ ‘ಸ್ಪೇಡೆಕ್ಸ್’ ಯೋಜನೆಯ ಎರಡು ಉಪಗ್ರಹಗಳು ಹಂತಹಂತವಾಗಿ ಹತ್ತಿರ ಸರಿದು 2025ರ ಜನವರಿ 16ರಂದು ಒಂದಕ್ಕೊಂದು ಕೂಡಿಕೊಂಡವು. ಅದಕ್ಕೆ ಕೆಲವು ದಿನ ಮೊದಲು ಅವು 3 ಮೀಟರ್ ಅಂತರದವರೆಗೆ ಬಂದು ಮತ್ತೆ ಹಿಂದೆ ಸರಿದಿದ್ದವು. ಅಪಾರ ವೇಗದಲ್ಲಿ ಭೂಮಿಯನ್ನು ಸುತ್ತುವ ಎರಡು ಕಾಯಿಗಳ ನಡುವಣ ವೇಗವ್ಯತ್ಯಾಸವನ್ನು ಬಹುತೇಕ ಸೊನ್ನೆಗೆ ಇಳಿಸುವುದೇ ಈ ಕಾರ್ಯದ ಗುಟ್ಟು.

ಮನೆಯಲ್ಲೇ ಆಡುವ ಬಗೆ

ವಿದೇಶದ ದುಬಾರಿ ಗೊಂಬೆಗಳಿಲ್ಲದೆಯೂ ಇದನ್ನು ಆಡಬಹುದು. ಚೌಕುಳಿ ಗೆರೆಗಳ ದೊಡ್ಡ ಕಾಗದ, ಪ್ರತಿಯೊಬ್ಬರಿಗೆ 3 ಹುಣಸೆಬೀಜ, ಪ್ರತಿ ಬೀಜಕ್ಕೆ ಇಂಧನವಾಗಿ 6 ಬೆಂಕಿಕಡ್ಡಿ, 4 ಕವಡೆ ಮತ್ತು ಒಂದು ಸೀಸದಕಡ್ಡಿ ಸಾಕು. ಕಾಗದದ ನಡುವಿನ ಮನೆ ನಿಲ್ದಾಣ. ಅಲ್ಲಿಗೆ ಮೊದಲು ತಲುಪಿ ಪೂರ್ತಿ ನಿಂತವನೇ ಗೆದ್ದವನು.

ಪ್ರತಿ ಸರದಿಯಲ್ಲಿ ಬೀಜವು ಹಿಂದಿನ ನಡೆಯನ್ನೇ ಮತ್ತೆ ನಡೆಯಬೇಕು. ಒಂದು ಕಡ್ಡಿ ಕಳೆದರೆ ಆ ನಡೆಯನ್ನು ಒಂದು ದಿಕ್ಕಿಗೆ ಒಂದು ಮನೆಯಷ್ಟು ಬದಲಿಸಬಹುದು. ನೇರ ಸಾಲಿನಲ್ಲಿರುವ ಎದುರಾಳಿಗೆ ಗುಂಡು ಹಾರಿಸಿ ಕವಡೆ ಎಸೆದಾಗ ಮೂರು ಅಥವಾ ನಾಲ್ಕು ಅಂಗಾತ ಬಿದ್ದರೆ ಗುರಿ ಮುಟ್ಟಿತೆಂದು ಲೆಕ್ಕ. ಹಾರಿಸಿದವನ ನಡೆ ಹಿಮ್ಮುಖವಾಗಿ ಒಂದು ಮನೆ ಬದಲಾಗುತ್ತದೆ. ಇದು ವಾಸ್ತವಕ್ಕಿಂತ ಹಿಗ್ಗಿಸಿದ ಲೆಕ್ಕವಾದರೂ ತತ್ತ್ವ ಸರಿಯಾದುದು.

ಕೊನೆಯ ನಿಯಮವೇ ಮುಖ್ಯವಾದುದು. ಗುರಿ ತಪ್ಪಿದ ಗುಂಡನ್ನು ಸೀಸದಕಡ್ಡಿಯ ಚುಕ್ಕೆಯಾಗಿ ಗುರುತಿಸಿ, ಪ್ರತಿ ಸರದಿಗೂ ಅದೇ ದಿಕ್ಕಿನಲ್ಲಿ 5 ಮನೆ ಮುಂದೊಯ್ಯಬೇಕು. ಕಾಗದದ ಅಂಚು ತಲುಪಿದ ಚುಕ್ಕೆ, ಕಕ್ಷೆಯನ್ನು ಸುತ್ತಿ ಬಂದಂತೆ, ಎದುರಿನ ಅಂಚಿನಿಂದ ಮತ್ತೆ ಒಳಬರುತ್ತದೆ. ದಾರಿಯಲ್ಲಿ ಸಿಕ್ಕ ಬೀಜ ಯಾರದೇ ಆಗಿರಲಿ, ಹಾರಿಸಿದವನದೇ ಆಗಿರಲಿ, ಆಟದಿಂದ ಹೊರಗೆ. ಹತ್ತು ಸರದಿ ಕಳೆಯುವಷ್ಟರಲ್ಲಿ ಕಾಗದ ಚುಕ್ಕೆಗಳಿಂದ ತುಂಬುತ್ತದೆ. ನಿಲ್ದಾಣದತ್ತ ಸುರಕ್ಷಿತ ದಾರಿ ಇಬ್ಬರಿಗೂ ಉಳಿಯುವುದಿಲ್ಲ.