ಕೆರೆಬೇಟೆ: ಒಂದು ದಿನದ ಬೇಟೆಗೆ ವರ್ಷದ ತಯಾರಿ

ನಮ್ಮ ಮಲೆನಾಡಿನಲ್ಲಿ ಹಳೆಯ ಸಹಕಾರವೊಂದಿದೆ. ಅದೇ ಕೆರೆಬೇಟೆ. ಸೊರಬ, ಸಾಗರ, ಶಿಕಾರಿಪುರ ಸೀಮೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. 2024ರಲ್ಲಿ ಇದೇ ಹೆಸರಿನ ಸಿನಿಮಾ ಬಂದ ಮೇಲೆ ಪೇಟೆಯವರಿಗೂ ಗೊತ್ತಾಯಿತು. ಆದರೆ ನೀರಿಗಿಳಿಯುವ ದಿನದ ಗದ್ದಲ ಕಂಡವರು ಬಹಳ, ಅದರ ಹಿಂದಿನ ಲೆಕ್ಕಾಚಾರ ಬಲ್ಲವರು ಕಡಿಮೆ.

ಮೀನು ಹಿಡಿಯುವ ವಿದ್ಯೆ ನಮ್ಮ ಕಡೆ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸುಮಾರು 1129ರಲ್ಲಿ ರಚಿಸಿದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಗಾಳ ಹಾಕುವುದು ಹೇಗೆ, ಯಾವ ಮೀನಿಗೆ ಯಾವ ಆಹಾರ ಎಂದು ಒಂದು ಅಧ್ಯಾಯವೇ ಇದೆ. ಅದು ಅರಸರ ವಿನೋದ. ನಮ್ಮದು ಊರಿನ ಬೇಟೆ. ಗಾಳ ಒಬ್ಬನೇ ಹಾಕಬಹುದು, ಕೂಣಿ ಹಾಕುವುದಕ್ಕೆ ಊರೇ ಬೇಕು.

ಕೆರೆ ಕಟ್ಟಿದ್ದು ಗದ್ದೆಗೆ ನೀರುಣಿಸಲು. ಆದ್ದರಿಂದ ಬೇಟೆಯ ಸರದಿ ಬೇಸಿಗೆಯಲ್ಲಿ, ನೀರು ಇಳಿದ ಮೇಲೆ. ಊರಿನ ಹಿರಿಯರು ನೀರಿನ ಮಟ್ಟ ನೋಡಿ, ದನಕರುಗಳಿಗೆ ಎಷ್ಟು ಉಳಿಯಬೇಕೆಂದು ಯೋಚಿಸಿ ದಿನ ಗೊತ್ತುಮಾಡಬೇಕು. ಬೇಗ ಇಟ್ಟರೆ ನೀರು ಆಳ, ಕೂಣಿ ತಳ ಮುಟ್ಟದು. ತಡಮಾಡಿದರೆ ಮಳೆ ಬಂದೀತು. ದಿನ ನಿಂತ ಮೇಲೆ ಸುತ್ತಲ ಊರುಗಳಿಗೆ ಸುದ್ದಿ ಹೋಗಬೇಕು, ಒಂದು ಕೂಣಿಗೆ ಇಷ್ಟು ಎಂದು ಹಣ ಗೊತ್ತಾಗಬೇಕು, ಪೂಜೆ ಆಗಬೇಕು. ಅಪ್ಪಣೆ ಸಿಗುವ ತನಕ ಯಾರೂ ನೀರಿಗೆ ಕಾಲಿಡುವಂತಿಲ್ಲ.

ಕೂಣಿ ಅಂದರೆ ಬಿದಿರಿನ ತಳವಿಲ್ಲದ ಬುಟ್ಟಿ. ಕೆಳಗೆ ಅಗಲ, ಮೇಲೆ ಕಿರಿದು. ನೂರಾರು ಜನ ಒಟ್ಟಿಗೆ ಇಳಿದಾಗ ಕೆಸರು ಕದಡಿ ಮೀನು ಮೇಲೇಳುತ್ತದೆ. ಕೂಣಿ ಊರಿ, ಮೇಲಿನ ಬಾಯಿಂದ ಕೈ ಹಾಕಿ ತಡಕಿ ಹಿಡಿಯಬೇಕು. ಒಂದು ಕೈಗೆ ಒಂದು ಕೂಣಿ. ದೊಡ್ಡ ಹಿಡುವಳಿದಾರನಾದರೂ ಅಷ್ಟೇ, ಕೂಲಿಯವನಾದರೂ ಅಷ್ಟೇ.

ಹಿಂದೆ ಕೆರೆಯಲ್ಲಿದ್ದದ್ದು ಕುಚ್ಚು, ಮುರುಗೋಡಿನಂಥ ನಾಟಿ ಮೀನು. ಇವು ಮೇಲೆ ಬಂದು ಗಾಳಿ ಕುಡಿದು ಬದುಕಬಲ್ಲವು. ಉಳಿದ ನಾಲ್ಕಾರು ಮೀನು ಮಳೆಗಾಲದಲ್ಲಿ ಮರಿಮಾಡಿ ಕೆರೆ ತುಂಬಿಸುತ್ತಿದ್ದವು. ಯಾರೂ ಕಾಸು ಹಾಕಬೇಕಿರಲಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುನ್ಹಿ ಚುಚ್ಚುಮದ್ದು ಕೊಟ್ಟು ಗೆಂಡೆ ಜಾತಿಯ ಮೀನು ಮೊಟ್ಟೆಯಿಡುವಂತೆ ಮಾಡಿದರು. ಮುಂದೆ ಕಾಟ್ಲಾ, ರೋಹು, ಮೃಗಾಲ್ ಮರಿಗಳು ನಮ್ಮ ಕೆರೆಗಳಿಗೂ ಬಂದವು. ಬೆಳೆಯುವುದು ಜೋರು, ಆದರೆ ಇವು ಹರಿಯುವ ಹೊಳೆಯ ಮೀನು, ನಿಂತ ನೀರಿನ ಕೆರೆಯಲ್ಲಿ ಮರಿಮಾಡವು. ಮತ್ತೆ ಮತ್ತೆ ದುಡ್ಡು ಕೊಟ್ಟೇ ಬಿಡಬೇಕು. ದುಡ್ಡು ಹಾಕಿದವನು ಮೀನು ನನ್ನದು ಅನ್ನುವುದು ಸಹಜ. ಹೀಗೆ ಹರಾಜು ಬಂತು, ಬಲೆ ಬಂತು, ಹಲವು ಕಡೆ ಕೂಣಿ ಅಟ್ಟ ಸೇರಿತು.

ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಕಾಯಿದೆಯೇ ಅಪರಾಧ ಅಂದಿತ್ತು. ಆದರೆ ಕಾಯಿದೆ ದಿನಾ ದಂಡೆ ಮೇಲೆ ಕಾವಲು ಕೂರುವುದಿಲ್ಲ. ಬೇಟೆಯಲ್ಲಿ ತನಗೂ ಪಾಲಿದೆ ಅನ್ನುವ ಊರು ಕೂರುತ್ತದೆ.

ಸದಸ್ಯ ಬಾಂಧವರೇ, 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಇದ್ದ ತತ್ವವೂ ಇದೇ: ಎಲ್ಲರೂ ಸ್ವಲ್ಪ ಹಾಕಿ, ಎಲ್ಲರೂ ಲೆಕ್ಕ ಕೇಳುವುದು. ಕೂಣಿ ಹಣದ ಮೊದಲ ಪಾಲು ಮುಂದಿನ ವರ್ಷದ ಮೀನುಮರಿಗೆ, ಎರಡನೆಯದು ಹೂಳೆತ್ತುವುದಕ್ಕೆ, ಉಳಿದದ್ದು ದೇವಸ್ಥಾನಕ್ಕೋ ಶಾಲೆಗೋ ಎಂದು ಊರು ಒಪ್ಪಿದರೆ, ಹರಾಜಿನಲ್ಲಿ ಊರೇ ನಿಲ್ಲಬಹುದು. ಅದಕ್ಕೆ ಬೇಸಿಗೆ ಬರಲಿ ಎಂದು ಕಾಯುವುದು ಬೇಡ. ಮರಿ ಬಿಡುವುದು ಮಳೆಗಾಲದಲ್ಲಿ, ಮಾತು ಅದಕ್ಕೂ ಮುಂಚೆಯೇ ಆಗಬೇಕು.