ಏಟಿನ ಎರಡು ಅರ್ಥಗಳು

ಇಂಗ್ಲಿಷ್ ಭಾಷೆಯಲ್ಲಿ 'ಡ್ರಬ್' ಎಂಬ ಕ್ರಿಯಾಪದವೊಂದುಂಟು. ದೊಣ್ಣೆಯಿಂದ ಬಲವಾಗಿ ಹೊಡೆಯುವುದೆಂಬುದು ಅದರ ಮೊದಲ ಅರ್ಥ. ಎದುರಾಳಿಯನ್ನು ತಲೆಯೆತ್ತದಂತೆ ಸೋಲಿಸುವುದೆಂಬುದು ಅನಂತರ ಬಂದ ಅರ್ಥ. ಕೂದಲೆಳೆಯ ಅಂತರದ ಗೆಲುವಿಗೆ ಈ ಪದವು ಸಲ್ಲದು. ಕನ್ನಡದ 'ಸದೆಬಡಿ' ಎಂಬ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಅದರಲ್ಲಿಯೂ ಏಟು, ಸೋಲು ಎರಡೂ ಅಡಗಿವೆ.

ಈ ಪದವು ಇಂಗ್ಲೆಂಡಿನಲ್ಲಿ ಹುಟ್ಟಿದುದಲ್ಲವೆಂದು ಶಬ್ದಶಾಸ್ತ್ರಜ್ಞರಲ್ಲಿ ಅನೇಕರ ಊಹೆ. ಹದಿನೇಳನೆಯ ಶತಮಾನದಲ್ಲಿ ಪೂರ್ವದೇಶಗಳನ್ನು ಸಂಚರಿಸಿದ ಆಂಗ್ಲರು, ಅಲ್ಲಿ ಅಪರಾಧಿಗಳ ಅಂಗಾಲಿಗೆ ಕೋಲಿನಿಂದ ಹೊಡೆಯುವ ಶಿಕ್ಷೆಯನ್ನು ವರ್ಣಿಸುವಾಗ ಇದನ್ನು ಬಳಸಿದರು. ಪಾರಸಿಕ ದೇಶವನ್ನು ಕಂಡುಬಂದ ಥಾಮಸ್ ಹರ್ಬರ್ಟನು 1634ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ಇದರ ಅತಿ ಹಳೆಯ ಪ್ರಯೋಗಗಳಲ್ಲೊಂದು ದೊರೆಯುತ್ತದೆ. ಹೊಡೆಯುವುದೆಂಬರ್ಥದ ಅರಬ್ಬೀ ಧಾತು 'ದರಬ'ವೇ ಇದರ ಮೂಲವೆಂದು ಅವರ ಮತ.

ಆ ಊಹೆಯು ನಿಜವಾದರೆ, 'ಡ್ರಬ್' ಪದದ ದಾಯಾದಿಯೊಂದು ಮೈಸೂರಿನಲ್ಲಿಯೂ ನೆಲೆಸಿತ್ತು. ಅರಬ್ಬಿಯ 'ದರ್ಬ್' ಪಾರಸಿಯ ಉಚ್ಚಾರಣೆಯಲ್ಲಿ 'ಜರ್ಬ್' ಆಯಿತು. ಲೋಹದ ಬಿಲ್ಲೆಯ ಮೇಲೆ ಅಚ್ಚನ್ನಿಟ್ಟು ಹೊಡೆದ ಏಟನ್ನೂ, ಅಂತಹ ಏಟಿನಿಂದಾದ ನಾಣ್ಯಮುದ್ರೆಯನ್ನೂ ಅದು ಸೂಚಿಸುತ್ತಿತ್ತು. ಟೀಪೂ ಸುಲ್ತಾನನ ನಾಣ್ಯಗಳಲ್ಲಿ 'ಜರ್ಬ್ ಪಟನ್' ಎಂದು ಕಾಣುತ್ತದೆ. ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಹೊಡೆದುದೆಂದು ಅದರ ತಾತ್ಪರ್ಯ.

1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಆಂಗ್ಲರ ವಶವಾಯಿತು. ಸುಲ್ತಾನನು ಕಾದಾಡುತ್ತ ಮಡಿದನು. ಜೂನ್ 30ರಂದು, ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ರಾಜಧಾನಿ ಬದಲಾಯಿತು, ಅರಸುಮನೆತನ ಬದಲಾಯಿತು. ಆದರೆ ಒಡೆಯರ ತಾಮ್ರದ ಕಾಸುಗಳ ಮೇಲೆ ಕನ್ನಡ ಅಕ್ಷರಗಳೊಡನೆ 'ಜರ್ಬ್ ಮಹಿಸೂರ್' ಎಂಬ ಪಾರಸಿ ಬರಹವೂ ಮೂಡಿತು. ಊರಿನ ಹೆಸರು ಮಾತ್ರ ಬೇರೆ, ಏಟಿನ ಹೆಸರು ಅದೇ. ಜನರ ಕಣ್ಣಿಗೆ ಪರಿಚಿತವಾದ ಗುರುತನ್ನು ಹೊತ್ತ ನಾಣ್ಯವಲ್ಲವೆ ಪೇಟೆಯಲ್ಲಿ ಸಲ್ಲುವುದು?

ಹೀಗೆ ಒಂದೇ ಧಾತು ಇಂಗ್ಲಿಷಿನಲ್ಲಿ ಸೋತವನ ಅವಮಾನವನ್ನು ಹೇಳಿದರೆ, ಮೈಸೂರಿನ ಕಾಸಿನ ಮೇಲೆ ಲೋಹಕ್ಕೆ ಬೆಲೆ ತಂದ ಮುದ್ರೆಯನ್ನು ಹೇಳಿತು. ಕನ್ನಡದಲ್ಲಿ ಅರ್ಥ ಬರೆಯುವವರು ಮೊದಲನೆಯದಕ್ಕೆ 'ಸದೆಬಡಿ' ಎಂದೂ ಎರಡನೆಯದಕ್ಕೆ 'ಟಂಕಿಸು' ಎಂದೂ ಬರೆಯಬೇಕಾದೀತು. ಆದರೆ ಹಳೆಯ ಕಾಸೊಂದನ್ನು ಅಂಗೈಯಲ್ಲಿಟ್ಟು ನೋಡಿದವರಿಗೆ, ಗೆಲುವು ಸೋಲುಗಳನ್ನು ದಾಟಿ ಉಳಿದುದು ಈ ಎರಡನೆಯ ಏಟೇ ಎಂಬುದು ತಿಳಿಯದಿರದು.